ಮುಚ್ಚಬೇಕಿದ್ದ ಶಾಲೆಯನ್ನೇ ಮೊದಲು ರಿಪೇರಿ ಮಾಡಿದೆವು

ಏಳು ಶಾಲಾ ಕಟ್ಟಡಗಳನ್ನು ನಾಲ್ಕಕ್ಕೆ ಇಳಿಸಬೇಕಿತ್ತು. ಉಳಿಯುವ ನಾಲ್ಕನ್ನು ಬುಡದಿಂದ ದುರಸ್ತಿ ಮಾಡಬೇಕಿತ್ತು. ಮಕ್ಕಳು ತೀರಾ ಕಮ್ಮಿ ಇರುವ, ಮುಚ್ಚೋದು ಖಚಿತ ಅಂತ ಎಲ್ಲರೂ ಒಪ್ಪಿದ್ದ ಕಟ್ಟಡಕ್ಕೇ ಮೊದಲ ದುಡ್ಡು ಹಾಕೋಣ ಅಂದೆ. ಸಭೆಯಲ್ಲಿ ಒಬ್ಬರೂ ನನ್ನ ಕಡೆ ನಿಲ್ಲಲಿಲ್ಲ. "ಕೆಡವೋ ಮನೆಗೆ ಸುಣ್ಣ ಹೊಡೀತೀರಾ?" ಅಂತ ಕೇಳಿದರು. ಈಗ ಕೆಲಸ ಮುಗಿದಿದೆ, ಲೆಕ್ಕವೂ ಹೊಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಎರಡು ಪ್ಲಾನ್‌ಗಳು ಬಿದ್ದುಹೋಗಿದ್ದವು. ಒಂದು, ರಜೆಯಲ್ಲೇ ಎಲ್ಲ ಮುಗಿಸುವುದು. ರಜೆಯಲ್ಲಿ ಬಣ್ಣ ಹೊಡೆಯಬಹುದು, ಶೌಚಾಲಯ ಬದಲಾಯಿಸಬಹುದು. ತಾರಸಿ ಬಿಚ್ಚಿ, ವೈರಿಂಗ್ ಕಿತ್ತು, ತುಕ್ಕು ಹಿಡಿದ ಕಂಬಿ ಕೆರೆದು ಮತ್ತೆ ಮುಚ್ಚುವಷ್ಟು ದಿನ ಸಿಗಲ್ಲ. ಶಾಲೆ ಶುರುವಾದಾಗ ಅರ್ಧ ಕೊಠಡಿಗಳಿಗೆ ಬೀಗ, ಮಕ್ಕಳು ಕಾರಿಡಾರಿನಲ್ಲಿ. ಪಾಠದ ಹೊತ್ತಿಗೆ ಡ್ರಿಲ್ ನಿಲ್ಲಿಸಿ ಅಂದಿದ್ದಕ್ಕೆ ಕಂಟ್ರಾಕ್ಟರ್ ಸುಮ್ನೆ ಕೂತ ಗಂಟೆಗಳಿಗೂ ಬಿಲ್ ಹಾಕಿದರು.

ಎರಡನೆಯದು ಬಾಡಿಗೆಯ ತಾತ್ಕಾಲಿಕ ಕೊಠಡಿಗಳು. ಬಾಡಿಗೆಯೇ ಒಟ್ಟು ಬಜೆಟ್ಟಿನ ಎಂಟೊಂಬತ್ತು ಪರ್ಸೆಂಟ್. ಅಡಿಪಾಯ, ಕರೆಂಟು, ನೀರು, ಚರಂಡಿ ಸೇರಿಸಿದರೆ ಹನ್ನೆರಡರ ಹತ್ತಿರ. ಅಷ್ಟು ದುಡ್ಡಿಗೆ ಒಂದು ಶಾಲೆಯ ಪೂರ್ತಿ ತಾರಸಿ ಆಗುತ್ತಿತ್ತು. ಕೊನೆಗೆ ಆ ಕೊಠಡಿಗಳು ವಾಪಸ್ ಹೋಗುತ್ತವೆ, ನಮ್ಮ ಹತ್ತಿರ ಏನೂ ಉಳಿಯಲ್ಲ.

ನಾನು ಮಾಡಿದ್ದು ಇಷ್ಟೇ. ಮುಚ್ಚಬೇಕಿದ್ದ ಆ ಕಟ್ಟಡದ ಸೋರಿಕೆ ನಿಲ್ಲಿಸಿದೆ, ವೈರಿಂಗ್ ಸರಿ ಮಾಡಿಸಿದೆ, ಶೌಚಾಲಯ ಮತ್ತು 1:12 ಇಳಿಜಾರಿನ (ಹನ್ನೆರಡು ಅಡಿಗೆ ಒಂದಡಿ ಏರುವ) ಒಂದು ರ‍್ಯಾಂಪ್ ಹಾಕಿಸಿದೆ. ನೆಲ, ಬಣ್ಣ ಮುಟ್ಟಲಿಲ್ಲ. ಅಲ್ಲಿದ್ದ ಮಕ್ಕಳನ್ನು ಒಂದು ಮಹಡಿಗೆ ಸೇರಿಸಿ, ಉಳಿದ ಜಾಗಕ್ಕೆ ಮೊದಲ ಶಾಲೆಯನ್ನು ಇಡಿಯಾಗಿ ಕರೆತಂದೆವು. ಅದರ ಕಟ್ಟಡ ಪೂರ್ತಿ ಖಾಲಿಯಾಯಿತು. ಅಲ್ಲಿ ಕೆಲಸ ಮುಗಿದ ಮೇಲೆ ಅವರು ವಾಪಸ್, ಎರಡನೇ ಶಾಲೆ ಒಳಗೆ. ಹೀಗೆ ಸರದಿ. ಇದಕ್ಕೆಲ್ಲ ಸೇರಿ ಬಜೆಟ್ಟಿನ ಮೂರು ಪರ್ಸೆಂಟ್ ಆಸುಪಾಸು ಹೋಗಿರಬೇಕು. ಖಾಲಿ ಕಟ್ಟಡ ಅಂದರೆ ಕಂಟ್ರಾಕ್ಟರುಗಳ ರೇಟೂ ಇಳಿಯುತ್ತದೆ. ಮಕ್ಕಳಿರುವ ಕಟ್ಟಡಕ್ಕೆ ಕೊಟ್ಟ ಕೊಟೇಶನ್ನಿಗಿಂತ ಆರನೇ ಒಂದು ಪಾಲು ಕಮ್ಮಿ ಬಂತು.

ಇನ್ನೊಂದು ಲಾಭ ನಾನೂ ಎಣಿಸಿರಲಿಲ್ಲ. ಮುಚ್ಚುವ ಶಾಲೆಯ ಮಕ್ಕಳು ಆ ಹೊತ್ತಿಗೆ ಉಳಿದವರ ಜೊತೆ ಆಟ, ಊಟ ಎಲ್ಲದರಲ್ಲೂ ಬೆರೆತಿದ್ದರು. ವಿಲೀನದ ದಿನ ಬಂದಾಗ ಪೋಷಕರ ಗಲಾಟೆ ಅರ್ಧಕ್ಕರ್ಧ ಕರಗಿತ್ತು.

ಯಾವುದನ್ನು ಉಳಿಸಬೇಕು ಅನ್ನೋದರಲ್ಲೂ ಜಗಳ ಆಯಿತು. ಸಮಿತಿಯ ಪಟ್ಟಿಯಲ್ಲಿ ಮೇಲಿದ್ದದ್ದು ಹೊಸ ಬಣ್ಣ ಕಂಡ, ನೋಡೋಕೆ ಚೆನ್ನಾಗಿರುವ ಕಾಂಕ್ರೀಟ್ ಕಟ್ಟಡ. ಕಂಬಗಳ ಮೂಲೆಯನ್ನು ಉಳಿಯಿಂದ ಒಡೆಸಿ, ಕ್ಷಾರ ಇದ್ದಲ್ಲಿ ಮಾತ್ರ ಗುಲಾಬಿಯಾಗುವ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿದೆ. ಒಳಗಡೆ ಗಾಢ ಗುಲಾಬಿ, ಹೊರಗಿನ ಸುಮಾರು 30 ಮಿಲಿಮೀಟರ್ ಬಣ್ಣವೇ ಇಲ್ಲ. ಕಂಬಿ ಇದ್ದದ್ದು 25 ಮಿಲಿಮೀಟರ್ ಆಳದಲ್ಲಿ. ಅಂದರೆ ಕಾಂಕ್ರೀಟಿನ ಕ್ಷಾರ ಹೋಗಿ, ಕಂಬಿಗೆ ರಕ್ಷಣೆಯೇ ಉಳಿದಿಲ್ಲ. ಹೊಸದಾಗಿ ಒಡೆದ ಮೈಗೇ ಸಿಂಪಡಿಸಿ, ಡ್ರಿಲ್ಲಿನ ಧೂಳು ಕೂತಿದ್ದರೆ ಬಣ್ಣ ನಂಬೋಕಾಗಲ್ಲ. ಪಟ್ಟಿಯ ಕೊನೆಯಲ್ಲಿದ್ದ, ದಪ್ಪ ಇಟ್ಟಿಗೆ ಗೋಡೆಯ ಹಳೇ ಕಟ್ಟಡಕ್ಕೆ ತಾರಸಿ ಮತ್ತು ನೀರು ಹೋಗುವ ಪೈಪು ಬಿಟ್ಟರೆ ಬೇರೆ ರೋಗ ಇರಲಿಲ್ಲ. ಅದನ್ನೇ ಉಳಿಸಿದೆವು.

ಮಕ್ಕಳ ಸಂಖ್ಯೆಗೆ ಜನನ ನೋಂದಣಿ ಸಾಕು. ಮುಂದಿನ ಐದಾರು ವರ್ಷ ಒಂದನೇ ಕ್ಲಾಸಿಗೆ ಬರುವವರು ಈಗಾಗಲೇ ಹುಟ್ಟಿದ್ದಾರೆ ಅಲ್ವಾ? ದೂರವನ್ನು ಮ್ಯಾಪಿನಲ್ಲಿ ವೃತ್ತ ಎಳೆದು ನೋಡಬೇಡಿ, ಮಗು ನಡೆಯುವ ದಾರಿಯಲ್ಲೇ ಅಳೆಯಿರಿ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಒಂದು ಮೀಟರ್ ತಂದು ತರಗತಿಗಳ ಇಂಗಾಲದ ಡೈಆಕ್ಸೈಡ್ ಅಳೆದೆ. ಹೊರಗೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಆಸುಪಾಸು, ಬಾಗಿಲು ಕಿಟಕಿ ಮುಚ್ಚಿದ ತುಂಬಿದ ಕ್ಲಾಸಿನಲ್ಲಿ ಎರಡು ಸಾವಿರ ದಾಟಿತ್ತು. ಹಳೇ ಕಟ್ಟಡದಲ್ಲಿ ಹಲಗೆ ಹೊಡೆದು ಮುಚ್ಚಿದ್ದ ಮೇಲಿನ ವೆಂಟಿಲೇಟರುಗಳನ್ನು ಬಿಡಿಸಿದ ಮೇಲೆ ಸಾವಿರದ ಹತ್ತಿರ ಬಂತು. ಏಸಿ ಬೇಕು ಅನ್ನುತ್ತಿದ್ದವರು ಸುಮ್ಮನಾದರು.

ಸಾಮಾನು ಸಾಗಿಸೋದಕ್ಕೆ ನನ್ನದೇ ಒಂದು ಕ್ರಮ ಇದೆ. ಶುಕ್ರವಾರ ಸಂಜೆ ಶುರು ಮಾಡಿದರೆ ಸೋಮವಾರ ಬೆಳಗ್ಗೆ ಪಾಠ ನಡೆಯುತ್ತದೆ. ಮುಂದಿನ ಕೆಲಸಕ್ಕೆ ಟೆಂಡರ್ ಹಾಕುವವನಿದ್ದೇನೆ, ಹಾಗಾಗಿ ಅದನ್ನು ಸದ್ಯಕ್ಕೆ ಬಿಡಿಸಿ ಹೇಳಲ್ಲ.

ಅನಿರೀಕ್ಷಿತ ಖರ್ಚಿಗೆ ಹದಿನೈದು ಪರ್ಸೆಂಟ್ ಇಡಿ. ಹತ್ತು ಸಾಕು ಅಂತ ಒತ್ತಾಯ ಬಂದೇ ಬರುತ್ತದೆ, ಜಗ್ಗಬೇಡಿ. ನಮ್ಮಲ್ಲಿ ಅದರ ಬಹುಪಾಲು ನೆಲದಡಿಯ ಚರಂಡಿ ಮತ್ತು ಹಳೇ ಆಸ್ಬೆಸ್ಟಾಸ್ ಶೀಟುಗಳು ನುಂಗಿದವು. ಆ ಶೀಟುಗಳನ್ನು ಒಡೆಯದೆ, ನೀರು ಹಾಕಿ ನೆನೆಸಿ, ಬಲ್ಲವರಿಂದಲೇ ಇಳಿಸಬೇಕು. ಜಾಸ್ತಿ ಆಯಿತು ಅಂತ ಅಲ್ಲಿ ಚೌಕಾಸಿ ಮಾಡಬೇಡಿ.

ಕೊನೇ ಶಾಲೆಯೂ ತನ್ನ ಕಟ್ಟಡಕ್ಕೆ ಮರಳಿದ ಮೇಲೆ ಸರದಿಯ ಕಟ್ಟಡ ಮುಚ್ಚಿದೆವು. ಅಲ್ಲಿಗೆ ಹಾಕಿದ್ದ ಪಂಪು, ಸ್ವಿಚ್ ಬೋರ್ಡು, ಫ್ಯಾನು, ವಾಶ್ ಬೇಸಿನ್ ಎಲ್ಲ ಬಿಚ್ಚಿ ಉಳಿದ ನಾಲ್ಕಕ್ಕೆ ಹಂಚಿದೆವು. ಹಾಕಿದ್ದರಲ್ಲಿ ಮೂರನೇ ಒಂದು ಪಾಲು ಹೀಗೇ ವಾಪಸ್ ಬಂತು.