ಯೆಸ್ ತಂಡದ ಅತ್ಯುತ್ತಮ ಆಲ್ಬಮ್ ಯಾವುದು? ವಾದಕ್ಕೆ ಕೂರುವ ಕ್ರಮ

ಉದ್ದುದ್ದ ಹಾಡು, ಜಟಿಲ ಲಯಗಳ ಪ್ರೋಗ್ರೆಸಿವ್ ರಾಕ್ ತಂಡವೊಂದರ ಅತ್ಯುತ್ತಮ ಆಲ್ಬಮ್ ಯಾವುದೆಂಬ ಚರ್ಚೆ ಹತ್ತೇ ನಿಮಿಷದಲ್ಲಿ ಜಗಳಕ್ಕೆ ತಿರುಗುವುದಕ್ಕೆ ಕಾರಣ, ಕೂತವರೆಲ್ಲ ಬೇರೆ ಬೇರೆ ವಿಷಯ ಮಾತನಾಡುತ್ತಿರುತ್ತಾರೆ ಎಂಬುದೇ. ಒಬ್ಬರು ಗಿಟಾರ್ ವಾದನದ ಬಗ್ಗೆ, ಇನ್ನೊಬ್ಬರು ತಾವು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ದಿನಗಳ ಬಗ್ಗೆ, ಮತ್ತೊಬ್ಬರು ಎಷ್ಟು ಪ್ರತಿ ಮಾರಾಟವಾದವೆಂಬುದರ ಬಗ್ಗೆ ಹೇಳುತ್ತಿರುತ್ತಾರೆ. ಮೂವರ ಬಾಯಲ್ಲೂ ಇರುವ ಪದ ಮಾತ್ರ ‘ಶ್ರೇಷ್ಠ’. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ಗಣೇಶನ ಹಬ್ಬದ ಕಚೇರಿ ಕೇಳಿ ಮನೆಗೆ ನಡೆಯುವಾಗ, ಇವತ್ತಿನ ತೋಡಿ ರಾಗ ಹೆಚ್ಚಾಯಿತೇ, ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲ್ ಸಾಲದಾಯಿತೇ ಎಂದು ದಾರಿಯುದ್ದಕ್ಕೂ ವಾದಿಸಿ ರೂಢಿಯಿರುವ ಮೈಸೂರಿನವರಿಗೆ ಈ ಚರ್ಚೆಯನ್ನು ಕ್ರಮವಾಗಿ ನಡೆಸುವುದು ಕಷ್ಟವಾಗಬೇಕಾಗಿಲ್ಲ. ಕುವೆಂಪುನಗರದ ನಮ್ಮ ಮನೆಯ ಹಾಲಿನಲ್ಲಿ ಆರು ಜನ ಸೇರಿ ಇಂಗ್ಲೆಂಡಿನ ಯೆಸ್ ತಂಡದ ಬಗ್ಗೆ ಹಲವು ಭಾನುವಾರ ವಾದ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೇಲಿ ಹಾಕಿಕೊಳ್ಳಬೇಕು. 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ತಂಡ ಇಪ್ಪತ್ತಕ್ಕೂ ಹೆಚ್ಚು ಸ್ಟುಡಿಯೋ ಆಲ್ಬಮ್‌ಗಳನ್ನು ತಂದಿದೆ. ಎಲ್ಲವನ್ನೂ ಒಟ್ಟಿಗೆ ಎಳೆದುಕೊಂಡರೆ ಯಾವುದೂ ಇತ್ಯರ್ಥವಾಗುವುದಿಲ್ಲ. ನಾವು 1971ರ ‘ದಿ ಯೆಸ್ ಆಲ್ಬಮ್’ನಿಂದ 1983ರ ‘90125’ರವರೆಗಿನ ಒಂಬತ್ತನ್ನು ಮಾತ್ರ ತೆಗೆದುಕೊಂಡೆವು.

ಎರಡನೆಯದಾಗಿ, ಯಾವ ಆಲ್ಬಮ್‌ನಲ್ಲಿ ಯಾರು ನುಡಿಸಿದ್ದಾರೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಬೇಕು. ತಂಡದ ಹೆಸರು ಒಂದೇ ಆದರೂ ಒಳಗಿನ ಜನ ಬದಲಾಗುತ್ತಲೇ ಇದ್ದರು. ‘ದಿ ಯೆಸ್ ಆಲ್ಬಮ್’ಗೆ ಗಿಟಾರ್ ವಾದಕ ಸ್ಟೀವ್ ಹೌ ಬಂದರು, ಅದೇ ವರ್ಷದ ‘ಫ್ರಾಜೈಲ್’ಗೆ ಟೋನಿ ಕೇ ಅವರ ಜಾಗದಲ್ಲಿ ಕೀಬೋರ್ಡಿಗೆ ರಿಕ್ ವೇಕ್‌ಮನ್ ಕೂತರು, 1972ರ ‘ಕ್ಲೋಸ್ ಟು ದಿ ಎಡ್ಜ್’ ಧ್ವನಿಮುದ್ರಣ ಮುಗಿಯುತ್ತಿದ್ದಂತೆ ಡ್ರಮ್ಸ್‌ನ ಬಿಲ್ ಬ್ರೂಫೋರ್ಡ್ ಕಿಂಗ್ ಕ್ರಿಮ್ಸನ್ ತಂಡಕ್ಕೆ ಹೋಗಿ ಅಲನ್ ವೈಟ್ ಬಂದರು. 1974ರ ‘ರಿಲೇಯರ್’ನಲ್ಲಿ ಕೀಬೋರ್ಡ್ ಪ್ಯಾಟ್ರಿಕ್ ಮೊರಾಜ್ ಅವರದು, 1977ರ ‘ಗೋಯಿಂಗ್ ಫಾರ್ ದಿ ವನ್’ಗೆ ವೇಕ್‌ಮನ್ ಮರಳಿದರು, 1980ರ ‘ಡ್ರಾಮಾ’ದಲ್ಲಂತೂ ಗಾಯಕ ಜಾನ್ ಆಂಡರ್ಸನ್ ಅವರೇ ಇಲ್ಲ. ಒಂಬತ್ತರಲ್ಲೂ ಇರುವವರು ಬೇಸ್ ಗಿಟಾರಿನ ಕ್ರಿಸ್ ಸ್ಕ್ವೈರ್ ಒಬ್ಬರೇ. ಈ ಹಾಳೆ ಎದುರಿಗಿದ್ದರೆ, ‘1972ರ ನಂತರ ತಂಡ ಇಳಿಯಿತು’ ಎನ್ನುವವರನ್ನು, ನಿಮಗೆ ಕೊರತೆಯಾಗಿರುವುದು ಹಾಡಿನ ಕಟ್ಟಡವೋ, ಬ್ರೂಫೋರ್ಡ್ ಅವರ ಕೈಯೋ ಎಂದು ನೇರವಾಗಿ ಕೇಳಬಹುದು. ನಮ್ಮಲ್ಲಿ ಒಬ್ಬರು ಈ ಪ್ರಶ್ನೆಗೆ ಉತ್ತರಿಸಲು ಒಂದು ವಾರ ತೆಗೆದುಕೊಂಡರು, ಮತ್ತು ಪ್ರಾಮಾಣಿಕವಾಗಿ ‘ಕೈ’ ಎಂದರು.

ಮೂರನೆಯದು ಅಳತೆಗೋಲು. ‘ಚೆನ್ನಾಗಿ ಕಟ್ಟಿದ ಆಲ್ಬಮ್’, ‘ಹೆಚ್ಚು ಪ್ರಭಾವ ಬೀರಿದ ಆಲ್ಬಮ್’, ‘ನನಗೆ ಪ್ರಿಯವಾದ ಆಲ್ಬಮ್’ ಎಂಬ ಮೂರೂ ಬೇರೆ. ಯಾವುದರ ಬಗ್ಗೆ ಮಾತು ಎಂಬುದನ್ನು ಕಾಫಿಗೆ ಮುಂಚೆಯೇ ತೀರ್ಮಾನಿಸಬೇಕು. ‘90125’ರ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರ ಆರಂಭದಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತೆಂಬುದು ಎರಡನೆಯ ಅಳತೆಯಲ್ಲಿ ದೊಡ್ಡ ಮಾತು, ಮೊದಲನೆಯದರಲ್ಲಿ ಮಾತೇ ಅಲ್ಲ. ಲಯದ ಲೆಕ್ಕ ಕಠಿಣವಾಗಿದೆ ಎಂಬುದನ್ನೂ ಗುಣವೆಂದು ಹಿಡಿಯಬೇಡಿ. ಕಚೇರಿಯಲ್ಲಿ ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಲೆಕ್ಕವನ್ನು ಮೆಚ್ಚುವುದು ಮುಕ್ತಾಯ ಹಿತವಾಗಿ ಬಂದು ಕೂತಾಗಲೇ ಹೊರತು, ಬೆರಳು ಎಣಿಸಿ ಸುಸ್ತಾದಾಗ ಅಲ್ಲ.

ಇನ್ನು ಕೇಳುವ ಕ್ರಮ. ನನ್ನ ಅನುಭವದಲ್ಲಿ ಹೆಚ್ಚಿನ ಚರ್ಚೆಗಳು ಸೋಲುವುದು ಇಲ್ಲೇ. ಈ ಸಂಗೀತ ರೂಪುಗೊಂಡದ್ದು ಎಲ್‌ಪಿ ತಟ್ಟೆಯ ಒಂದು ಬದಿಯ ಅಳತೆಗೆ, ಅಂದರೆ ಸುಮಾರು ಇಪ್ಪತ್ತು ನಿಮಿಷಕ್ಕೆ. ಆದ್ದರಿಂದ ಒಂದೊಂದು ಬದಿಯನ್ನೇ ಒಂದು ಘಟಕವೆಂದು ತಿಳಿದು, ನಡುವೆ ನಿಲ್ಲಿಸದೆ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಕೇಳಬೇಕು. ಬದಿ ಮುಗಿದ ಮೇಲೆ ಐದು ನಿಮಿಷ ಯಾರೂ ಮಾತನಾಡದೆ ತಮಗೆ ತೋಚಿದ್ದನ್ನು ಬರೆದುಕೊಳ್ಳಬೇಕು. ತಿಂಡಿಯ ವಿಷಯವನ್ನು ಹಗುರವಾಗಿ ಕಾಣಬೇಡಿ. ‘ಕ್ಲೋಸ್ ಟು ದಿ ಎಡ್ಜ್’ನ ಮೊದಲ ಬದಿ ಹರಿಯುವ ನೀರಿನ ಸದ್ದು ಮತ್ತು ಹಕ್ಕಿಗಳ ಕಲರವದಿಂದ ಮೆಲ್ಲಗೆ ಏರುತ್ತಾ ಬಂದು, ಇದ್ದಕ್ಕಿದ್ದಂತೆ ಇಡೀ ತಂಡ ಒಟ್ಟಿಗೆ ನುಗ್ಗುತ್ತದೆ. ಮೊದಲ ಸಲ ನಾವು ಚಕ್ಕುಲಿ ಕೊಟ್ಟಿದ್ದರಿಂದ ಹಕ್ಕಿಗಳೇ ಕೇಳಿಸಲಿಲ್ಲ. ತಂಡ ನುಗ್ಗಿದ ಕ್ಷಣದಲ್ಲಿ ಅಡುಗೆಮನೆಯಿಂದ ಬಂದ ನನ್ನ ಅತ್ತೆಯವರು, ‘ಯಾಕಪ್ಪಾ, ಸ್ಪೀಕರ್ ಕೆಟ್ಟುಹೋಯಿತೇ?’ ಎಂದು ಕೇಳಿದರು. ಅಂದಿನಿಂದ ನಮ್ಮಲ್ಲಿ ಮೊದಲ ಬದಿಗೆ ಇಡ್ಲಿ, ಎರಡನೆಯ ಬದಿಗೆ ಕಾಫಿ.

ಕೇಳಿದ ಮೇಲೆ ಮಾತಿಗೆ ಸಾಕ್ಷಿ ಕೊಡಬೇಕು. ‘ಅದ್ಭುತ’ ಎಂದರೆ ಅದು ವಾದವಾಗುವುದಿಲ್ಲ. ‘ಕ್ಲೋಸ್ ಟು ದಿ ಎಡ್ಜ್’ನ ಮೊದಲ ಬದಿಯನ್ನು ಪೂರ್ತಿ ತುಂಬಿರುವ, ಅದೇ ಹೆಸರಿನ ಹತ್ತೊಂಬತ್ತು ನಿಮಿಷಗಳ ಹಾಡಿಗೆ ನಾಲ್ಕು ಭಾಗಗಳಿವೆ. ಮೂರನೆಯದರಲ್ಲಿ ವೇಗವೆಲ್ಲ ಅಡಗಿ, ಎರಡು ಕಡೆಯಿಂದ ಬರುವ ಗಾಯನ ಒಂದರ ಮೇಲೊಂದು ಹೆಣೆದುಕೊಂಡು, ಹನ್ನೆರಡನೆಯ ನಿಮಿಷ ದಾಟಿದ ಮೇಲೆ ಲಂಡನ್ನಿನ ಚರ್ಚೊಂದರಲ್ಲಿ ಧ್ವನಿಮುದ್ರಿಸಿದ ದೊಡ್ಡ ಆರ್ಗನ್ ಎದ್ದು ನಿಲ್ಲುತ್ತದೆ. ಕೊನೆಯ ಭಾಗದಲ್ಲಿ ಮೊದಲಿನ ಸಾಲು ಬೇರೊಂದು ನಿಲುವಿನಲ್ಲಿ ಹಿಂದಿರುಗುತ್ತದೆ. ರಾಗ-ತಾನ-ಪಲ್ಲವಿಯಲ್ಲಿ ಪಲ್ಲವಿಯ ಸಾಲು ಪ್ರತಿ ಸಲವೂ ಹೊಸ ತೂಕದೊಂದಿಗೆ ಬರುವುದನ್ನು ಬಲ್ಲವರಿಗೆ ಈ ಮರಳುವಿಕೆಯ ಸುಖವನ್ನು ವಿವರಿಸಬೇಕಾಗಿಲ್ಲ. ಈ ಆಲ್ಬಮ್‌ನಲ್ಲಿ ಇರುವುದೇ ಮೂರು ಹಾಡು, ಮತ್ತು ಮೂರರಲ್ಲಿ ಒಂದೂ ಸಡಿಲವಿಲ್ಲ ಎಂಬುದೇ ನನ್ನ ವಾದ. ಹೋಲಿಕೆಗೆ ‘ಫ್ರಾಜೈಲ್’ ನೋಡಿ: ಒಂಬತ್ತು ಹಾಡುಗಳಲ್ಲಿ ನಾಲ್ಕು ತಂಡದವು, ಐದು ಒಬ್ಬೊಬ್ಬ ಸದಸ್ಯರ ಸ್ವಂತದವು. ‘ರೌಂಡಬೌಟ್’ ಮತ್ತು ‘ಹಾರ್ಟ್ ಆಫ್ ದಿ ಸನ್‌ರೈಸ್’ ಯಾವ ಪಟ್ಟಿಯಲ್ಲಾದರೂ ಮೇಲಿರುತ್ತವೆ, ಆದರೆ ವೇಕ್‌ಮನ್ ಅವರು ಜರ್ಮನಿಯ ಶಾಸ್ತ್ರೀಯ ಸಂಗೀತಕಾರ ಬ್ರಾಮ್ಸ್ ಅವರ ಕೃತಿಯನ್ನು ಕೀಬೋರ್ಡಿಗೆ ಇಳಿಸಿದ ತುಣುಕು ಅವುಗಳ ಪಕ್ಕದಲ್ಲಿ ಕೂರುವುದಿಲ್ಲ. ಹಾಡುಗಳ ಸರಾಸರಿಯನ್ನು ನೋಡಬೇಕೇ, ಶಿಖರಗಳನ್ನು ನೋಡಬೇಕೇ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಚರ್ಚಿಸಿ.

ನಿಜವಾದ ಕದನ ನಡೆಯುವುದು 1973ರ ಕೊನೆಗೆ ಬಂದ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಶನ್ಸ್’ ಕುರಿತು. ಎರಡು ತಟ್ಟೆ, ನಾಲ್ಕು ಬದಿ, ಬದಿಗೊಂದೇ ಹಾಡು. ಬ್ರೂಫೋರ್ಡ್ ಅವರ ಮದುವೆಯ ದಿನ ಕಿಂಗ್ ಕ್ರಿಮ್ಸನ್‌ನ ಜೇಮಿ ಮ್ಯೂರ್ ಅವರು ಜಾನ್ ಆಂಡರ್ಸನ್ ಅವರಿಗೆ ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಓದಲು ಹೇಳಿದರು. ಅದರ ಒಂದು ಅಡಿಟಿಪ್ಪಣಿಯಲ್ಲಿ ಶಾಸ್ತ್ರಗಳು ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ನಾಲ್ಕು ಬಗೆ ಎಂದಿದ್ದುದೇ ನಾಲ್ಕು ಬದಿಗಳಾಯಿತು. ಅದೇ ಪುಸ್ತಕದಲ್ಲಿ ಯೋಗಾನಂದರು 1935ರಲ್ಲಿ ಯುವರಾಜರ ಅತಿಥಿಯಾಗಿ ಮೈಸೂರಿಗೆ ಬಂದ ಅಧ್ಯಾಯವೂ ಇದೆ, ಮತ್ತು ಅದು ಆರಂಭವಾಗುವುದು ಚಾಮುಂಡಿಬೆಟ್ಟದ ದೇವಸ್ಥಾನದಿಂದ ಹೊರಬರುವ ಸನ್ನಿವೇಶದಿಂದ. ಈ ನಂಟನ್ನು ಹೇಳಿ ಎಲ್ಲರನ್ನೂ ಖುಷಿಪಡಿಸಿ, ಆದರೆ ನಮ್ಮ ಶಾಸ್ತ್ರಗಳ ಹೆಸರಿದೆಯೆಂದು ಆಲ್ಬಮ್‌ಗೆ ಒಂದು ಅಂಕವನ್ನೂ ಹೆಚ್ಚಿಗೆ ಕೊಡಬೇಡಿ. ಸಂಗೀತದಲ್ಲಿ ಶ್ರುತಿ ಎಲ್ಲಿ ಮುಗಿದು ಸ್ಮೃತಿ ಎಲ್ಲಿ ತೊಡಗಿತೆಂಬುದು ತಟ್ಟೆ ತಿರುಗಿಸಿದಾಗ ಬಿಟ್ಟು ಬೇರಾವಾಗಲೂ ನನಗೆ ತಿಳಿದಿಲ್ಲ. ಹಾಗೆಯೇ, ಈ ಆಲ್ಬಮ್ ಇಷ್ಟವಿಲ್ಲದ ವೇಕ್‌ಮನ್ ಅವರು ಪ್ರದರ್ಶನದ ನಡುವೆ ವೇದಿಕೆಯ ಮೇಲೆಯೇ ಕರಿ ಊಟ ಮಾಡಿದರೆಂದು ತಾವೇ ಹೇಳಿಕೊಂಡಿರುವ ಪ್ರಸಂಗವನ್ನು ವಿರೋಧಿಗಳು ತಪ್ಪದೆ ತರುತ್ತಾರೆ. ಅದು ಒಳ್ಳೆಯ ಕಥೆಯೇ ಹೊರತು ಸಾಕ್ಷಿಯಲ್ಲ.

ಇದರ ಬಗ್ಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದೊಂದು ಮಗ್ಗುಲಿಗೆ ಎರಡೆರಡು ಬದಿಯಂತೆ ಈ ಆಲ್ಬಮ್ಮನ್ನು ತುಂಬಿಸಿಕೊಂಡಿದ್ದೆ. ಮನೆಯಲ್ಲಿ ಯಾರೋ ಬಿ ಮಗ್ಗುಲಿನ ಆರಂಭಕ್ಕೆ ರೇಡಿಯೋದಿಂದ ಭಾವಗೀತೆಗಳನ್ನು ಹಿಡಿದುಬಿಟ್ಟರು, ಮೂರನೆಯ ಬದಿಯಾದ ‘ದಿ ಏನ್ಷಿಯಂಟ್’ ಅಳಿಸಿಹೋಯಿತು. ಹಾಗಿದ್ದೂ ವರ್ಷಗಟ್ಟಲೆ, ಇಡೀ ಆಲ್ಬಮ್ ಉದ್ದವಾಯಿತೆಂದು ಮುಕ್ಕಾಲು ಭಾಗ ಮಾತ್ರ ಕೇಳಿದ ನಾನು ತೀರ್ಪು ಕೊಡುತ್ತಿದ್ದೆ. ಕೊನೆಗೆ ಪೂರ್ತಿ ಕೇಳಿದಾಗ, ಆ ಬದಿಯ ಗದ್ದಲವೆಲ್ಲ ಕಳೆದು ಸ್ಟೀವ್ ಹೌ ಒಬ್ಬರೇ ಅಕೌಸ್ಟಿಕ್ ಗಿಟಾರ್ ಹಿಡಿದು ನುಡಿಸುವ ಭಾಗ ಬಂತು. ನನ್ನ ತೀರ್ಪು ಬದಲಾಗಲಿಲ್ಲ, ಆದರೆ ದನಿ ತಗ್ಗಿತು. ಹಾಗಾಗಿ ನಮ್ಮಲ್ಲಿ ಪೂರ್ತಿ ಕೇಳದ ಆಲ್ಬಮ್ ಬಗ್ಗೆ ಯಾರಿಗೂ ಮತವಿಲ್ಲ, ಎಷ್ಟೇ ಹಿರಿಯರಾದರೂ.

ಮತ ಹಾಕುವುದಕ್ಕೆ ಮುಂಚೆ ಒಂದು ಸುತ್ತು ಪಕ್ಷ ಬದಲಿಸಿ: ಪ್ರತಿಯೊಬ್ಬರೂ ತಮಗೆ ಹಿಡಿಸದ ಆಲ್ಬಮ್ ಪರವಾಗಿ ಐದು ನಿಮಿಷ ಮಾತನಾಡಲಿ. ಆನಂತರ ಚೀಟಿಯಲ್ಲಿ ಮೂರು ಹೆಸರು ಬರೆದು, ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಎರಡು, ಕೊನೆಯದಕ್ಕೆ ಒಂದು ಅಂಕ ಕೊಡಿ. ಬಾಯಿ ಮಾತಿನಲ್ಲಿ ಮತ ಕೇಳಿದರೆ ಮೊದಲು ಮಾತನಾಡಿದವರ ಹಿಂದೆಯೇ ಎಲ್ಲರೂ ಹೋಗುತ್ತಾರೆ.

ಕಳೆದ ಸಲ ‘ಕ್ಲೋಸ್ ಟು ದಿ ಎಡ್ಜ್’ಗೆ ಹದಿನೈದು ಬಂದವು, ‘ಫ್ರಾಜೈಲ್’ ಮತ್ತು ‘ರಿಲೇಯರ್’ ಏಳೇಳು ಪಡೆದು ಸಮನಾದವು. ಎರಡನೆಯ ಸ್ಥಾನ ಇತ್ಯರ್ಥಪಡಿಸಲು ಬರುವ ಭಾನುವಾರ ‘ರಿಲೇಯರ್’ನ ಮೊದಲ ಬದಿ ಮತ್ತೆ ಕೇಳುವವರಿದ್ದೇವೆ. ‘ದಿ ಗೇಟ್ಸ್ ಆಫ್ ಡೆಲಿರಿಯಮ್’ನ ಯುದ್ಧದ ಭಾಗದಲ್ಲಿ ತಂಡದವರು ಹಳೆಯ ಕಾರಿನ ಬಿಡಿಭಾಗಗಳನ್ನೇ ಬಡಿದಿರುವುದರಿಂದ ಅಲ್ಲಿ ಚಕ್ಕುಲಿ ತಿಂದರೂ ತೊಂದರೆಯಿಲ್ಲ, ಅದು ಅಡಗಿ ‘ಸೂನ್’ ಎಂಬ ಮೆಲುದನಿಯ ಹಾಡು ತೊಡಗುವಷ್ಟರಲ್ಲಿ ಚಕ್ಕುಲಿಯ ತಟ್ಟೆ ಎತ್ತಿಟ್ಟರೆ ಸಾಕು.