ರವಿವಾರ ಎರಡರಿಂದ ಐದು

"ಪ್ರತಿ ರವಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಉದ್ಯಾನದಲ್ಲಿ ತಂದೆಯು ಮಗುವನ್ನು ಭೇಟಿಯಾಗತಕ್ಕದ್ದು." ಕಲಬುರಗಿಯಲ್ಲಿ ವಕೀಲಿ ಶುರು ಮಾಡಿದ ಹೊಸತರಲ್ಲಿ ಈ ಸಾಲು ಬರೆದುಕೊಟ್ಟವಳು ನಾನು. ಬೇರೆಯಾಗಿದ್ದ ಗಂಡ ಹೆಂಡತಿ ಇಬ್ಬರೂ ಒಪ್ಪಿದರು, ಅದೇ ನ್ಯಾಯಾಲಯದ ಆದೇಶವಾಯಿತು. ಆಗ ಜನವರಿ. ಮೇ ಬರುವ ಹೊತ್ತಿಗೆ ನಮ್ಮೂರ ಬಿಸಿಲು 42 ಡಿಗ್ರಿ. ನಾಲ್ಕು ವರ್ಷದ ಕೂಸು ಸುಡುವ ಮಧ್ಯಾಹ್ನ ಅಪ್ಪನ ಜೊತೆ ಬೇವಿನ ಗಿಡದ ಕೆಳಗೆ ಕೂತು ಬಂದು ರಾತ್ರಿಯೆಲ್ಲ ಜ್ವರದಲ್ಲಿ ನರಳಿತು. ಮುಂದಿನ ರವಿವಾರ ತಾಯಿ ಕರೆತರಲಿಲ್ಲ, ಅದರ ಮುಂದಿನ ರವಿವಾರವೂ ಇಲ್ಲ. ಆದೇಶ ಮುರಿದಳೆಂದು ತಂದೆ ಅರ್ಜಿ ಹಾಕಿದ. ಇಬ್ಬರನ್ನೂ ಬೈಯುವ ಹಾಗಿರಲಿಲ್ಲ. ಆ ಸಾಲು ಬರೆಯುವಾಗ ನಾನು ಮೇ ತಿಂಗಳನ್ನು ನೆನೆದಿರಲೇ ಇಲ್ಲ.

ಮಗು ಯಾರಿಗೆ ಅನ್ನುವ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಹುಡುಕಬಹುದು. ಮಗುವಿನ ರವಿವಾರ ಹೇಗಿರಬೇಕು ಅನ್ನುವುದನ್ನು ನಾವೇ ಕೂತು ಬರೆಯಬೇಕು. ಇದನ್ನು ನಾನು ಕಲಿತದ್ದು ಆ ಜ್ವರದಿಂದ.

ಕಕ್ಷಿದಾರರು ಬರುವಾಗ ಹಿಡಿದು ತರುವುದು ಮಾತ್ರ ಒಂದೇ ಮಾತು: "ಹುಡುಗನ್ನ ನಮಗ ಕೊಡಸ್ರಿ." ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಹೇಳುತ್ತದೆ. ನಮ್ಮ ಕಡೆ ಅದನ್ನು ತಿರುವಿ ಓದುತ್ತಾರೆ. ಐದನೇ ಹುಟ್ಟುಹಬ್ಬದ ಮರುದಿನ ಒಬ್ಬ ಅಜ್ಜ ನನ್ನ ಕಚೇರಿಗೆ ಬಂದು, "ಐದ್ ವರ್ಷ ಆತಲ್ರಿ ಮೇಡಂ, ಇನ್ನ ಕೂಸು ನಮ್ದ" ಎಂದರು. ಅದೇ ಕಾಯ್ದೆಯ 13ನೇ ಕಲಂ ಓದಿ ಹೇಳಿದೆ: ಮಗುವಿನ ಹಿತ ಎಲ್ಲಕ್ಕಿಂತ ಮೇಲೆ, ವಯಸ್ಸಿನ ಗೆರೆ ದಾಟಿದ ಮಾತ್ರಕ್ಕೆ ಕೈ ಬದಲಾಗುವುದಿಲ್ಲ. ಮುಸ್ಲಿಂ ಕುಟುಂಬಗಳು ಬಂದಾಗ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆ ತೆಗೆಯುತ್ತೇನೆ. ಅವರ ವೈಯಕ್ತಿಕ ಕಾನೂನನ್ನು ಗಮನಿಸುತ್ತಲೇ ಅಲ್ಲಿಯೂ ನ್ಯಾಯಾಲಯ ಕೇಳುವುದು ಮಗುವಿನ ಹಿತವನ್ನೇ.

ಈಗ ಮೊದಲ ಭೇಟಿಯಲ್ಲಿ ನಾನು ಜಗಳದ ಕಥೆ ಕೇಳುವುದಿಲ್ಲ. ನಿನ್ನೆ ಮಗು ಎಷ್ಟು ಗಂಟೆಗೆ ಎದ್ದಿತು, ಡಬ್ಬಿಗೆ ಏನು ಕಟ್ಟಿದಿರಿ, ಯಾವ ಗೆಳೆಯನ ಹೆಸರು ಹೇಳುತ್ತದೆ ಅಂತ ಕೇಳುತ್ತೇನೆ. ಪುಣೆಯಲ್ಲಿ ಕೆಲಸ ಮಾಡುವ ಒಬ್ಬ ತಂದೆಗೆ ಮಗಳು ಎರಡನೇ ಕ್ಲಾಸು ಅನ್ನುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅರ್ಜಿ ಆಮೇಲೆ ಹಾಕೋಣ, ಮೂರು ತಿಂಗಳು ಶಾಲೆಯ ಪಾಲಕರ ಸಭೆಗೆ ಬನ್ನಿ ಎಂದೆ. ರಾತ್ರಿ ರೈಲು ಹತ್ತಿ ಬಂದ. ಮೂರನೇ ಸಭೆಯ ಹೊತ್ತಿಗೆ ಮಗಳಿಗೆ ಭಾಗಾಕಾರ ಬರುವುದಿಲ್ಲ ಎಂದು ಅವನೇ ನನಗೆ ಹೇಳಿದ.

ದೂರದಲ್ಲಿರುವ ಪಾಲಕರಿಗೆ ವಿಡಿಯೊ ಕರೆಯ ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟು 2020ರ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ಈ ತಂದೆಗೆ ಅದೇ ಆಧಾರದ ಮೇಲೆ ದಿನಾ ಹತ್ತು ನಿಮಿಷ ಸಿಕ್ಕಿತು. ಫೋನು ಹಚ್ಚಿಕೊಟ್ಟು ತಾಯಿ ಪಕ್ಕದ ಕೋಣೆಗೆ ಹೋಗಬೇಕು, "ನಿಮ್ಮವ್ವ ಎಲ್ಲಿಗಿ ಹೋಗಿದ್ಲು" ಅಂತ ತಂದೆ ಕೇಳಬಾರದು ಎಂದೂ ಬರೆಸಿದೆ. ಈ ಎರಡು ಸಾಲು ಇಲ್ಲದಿದ್ದರೆ ಹತ್ತು ನಿಮಿಷವೂ ಜಗಳಕ್ಕೇ ಹೋಗುತ್ತದೆ.

ಸೇಡಂ ಕಡೆಯ ಒಂದು ಕುಟುಂಬದ ಪ್ರಕರಣ ಶನಿವಾರ ಯಾರದು, ರವಿವಾರ ಯಾರದು ಎಂಬಲ್ಲಿಯೇ ನಿಂತಿತ್ತು. ಮೂರು ತಾರೀಖು ಹಾಗೇ ಕಳೆದವು. ನಾಲ್ಕನೇ ಸಲ ಮೂಲೆಯಲ್ಲಿ ಕೂತಿದ್ದ ಹುಡುಗನ ಅಜ್ಜ ಮೊದಲ ಸಲ ಬಾಯಿ ಬಿಟ್ಟರು: "ದೀಪಾವಳಿ ನೀವೇ ಇಟ್ಕೋರಿ, ಯುಗಾದಿನೂ ಇಟ್ಕೋರಿ. ಎಳ್ಳಮಾಸಿ ದಿನ ಹುಡುಗ ನನ್ನ ಹೊಲದಾಗ ಇರಬೇಕು." ಜೋಳ ಎದೆಮಟ್ಟ ಬೆಳೆದಿರುವಾಗ ಬಂಡಿ ಕಟ್ಟಿಕೊಂಡು ಬಜ್ಜಿ, ಕಡುಬು, ಸಜ್ಜಿ ರೊಟ್ಟಿ ಹೊತ್ತು ಹೋಗಿ, ಭೂಮಿತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲುವ ದಿನ ಅದು. ತಾಯಿಯೂ ಹೊಲದ ಮನೆಯಲ್ಲಿ ಬೆಳೆದವಳು. ತುಸು ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾಗಪಂಚಮಿ ನನಗ. ತವರಿಗಿ ಕರ್ಕೊಂಡು ಹೋಗ್ತೀನಿ" ಎಂದಳು. ಉಳಿದದ್ದು ಹದಿನೈದು ನಿಮಿಷದಲ್ಲಿ ಮುಗಿಯಿತು.

ಎಳ್ಳಮಾವಾಸ್ಯೆ ಒಂದು ವರ್ಷ ಡಿಸೆಂಬರಿನಲ್ಲಿ, ಇನ್ನೊಂದು ವರ್ಷ ಜನವರಿಯಲ್ಲಿ ಬರುತ್ತದೆ. ಆದ್ದರಿಂದ ತಾರೀಖು ಹಾಕದೆ ತಿಥಿ ಹಾಕಿದೆವು. ಶಾಲೆ ಇದ್ದರೆ ಇಬ್ಬರೂ ಸಹಿ ಮಾಡಿದ ರಜೆ ಚೀಟಿ ಕೊಡಬೇಕು, ಬೆಳಿಗ್ಗೆ ಎಂಟಕ್ಕೆ ಕರೆದೊಯ್ದು ಸಂಜೆ ಏಳಕ್ಕೆ ಬಿಡಬೇಕು, ಹೋಗಿ ಬರುವ ಖರ್ಚು ತಂದೆಯದು ಎಂದೂ ಸೇರಿಸಿದೆವು. ಬೇರೆ ಊರಿನ ಮಾದರಿ ಒಪ್ಪಂದಗಳಲ್ಲಿ ಈ ಹಬ್ಬ ಇರುವುದಿಲ್ಲ.

ಹೊಡೆತ ಬಡಿತ ನಡೆದ ಮನೆಯಾದರೆ ಇಂಥ ಹಂಚಿಕೆಗೆ ನಾನು ಕೈ ಹಾಕುವುದಿಲ್ಲ. ಅಲ್ಲಿ ಬೇರೆಯವರ ಕಣ್ಣೆದುರಿನ ಭೇಟಿಯನ್ನಷ್ಟೇ ಕೇಳುತ್ತೇನೆ, ಕೆಲವೊಮ್ಮೆ ಅದೂ ಬೇಡವೆಂದು ವಾದಿಸುತ್ತೇನೆ.

ತನ್ನ ಮನಸ್ಸು ಹೇಳುವಷ್ಟು ಬುದ್ಧಿ ಬಲಿತ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು. 1890ರ ಕಾಯ್ದೆಯ 17ನೇ ಕಲಮಿನಲ್ಲೇ ಅದಿದೆ. ಇದು ಗೊತ್ತಾದ ದಿನದಿಂದ ಮನೆಯಲ್ಲಿ ಪಾಠ ಶುರುವಾಗುತ್ತದೆ. ಒಂಬತ್ತು ವರ್ಷದ ಹುಡುಗನೊಬ್ಬ ಪಡಸಾಲೆಯಲ್ಲಿ ನನ್ನ ಮುಂದೆ ತನ್ನಪ್ಪನನ್ನು "ಪ್ರತಿವಾದಿ" ಎಂದ. ಅರ್ಜಿಯನ್ನು ಅವನಿಗೆ ಓದಿಸಿದ್ದರು. ಅವನು ನನ್ನ ಕಕ್ಷಿದಾರಳ ಮಗ. ಆ ಸಂಜೆ ಆಕೆಯನ್ನು ಕೂರಿಸಿಕೊಂಡು, ಇನ್ನೊಂದು ಸಲ ಹೀಗಾದರೆ ವಕಾಲತ್ತು ಬಿಡುತ್ತೇನೆ ಎಂದೆ. ಈಗ ಪ್ರತಿ ಪಾಲಕರಿಗೂ ಮೊದಲ ದಿನವೇ ಹೇಳುತ್ತೇನೆ: ಕಾಗದಪತ್ರ ಮಗುವಿನ ಕೈಗೆ ಸಿಗಬಾರದು.

ಸೋತವರು ಮೊದಲು ಕೇಳುವುದು ಮೇಲ್ಮನವಿ. 30 ದಿನದ ಗಡುವಿದೆ, 2008ರಿಂದ ಹೈಕೋರ್ಟ್ ಪೀಠವೂ ನಮ್ಮೂರಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಆದರೂ ನಾನು ಅವಸರ ಮಾಡಿಸುವುದಿಲ್ಲ. ಮಕ್ಕಳು ಸ್ವತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲೇ, ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ಮಗುವಿನ ಪರಿಸ್ಥಿತಿ ಬದಲಾದರೆ ಸುಪರ್ದಿನ ಆದೇಶವನ್ನೂ ಬದಲಿಸಬಹುದು ಎಂಬ ಮಾತೂ ಅದೇ ತೀರ್ಪಿನಲ್ಲಿದೆ.

ನನ್ನ ಮೊದಲ ಸಾಲನ್ನು ತಿದ್ದಿಸಿದ್ದು ಈ ದಾರಿಯಲ್ಲೇ. ಮಾರ್ಚ್‌ನಿಂದ ಜೂನ್‌ವರೆಗೆ ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಉಳಿದ ತಿಂಗಳು ಸಂಜೆ ನಾಲ್ಕರಿಂದ ಏಳು. ಮಗುವಿಗೆ ಮೈ ಹುಷಾರಿಲ್ಲದಿದ್ದರೆ ತಾಯಿ ಹಿಂದಿನ ರಾತ್ರಿಯೇ ತಿಳಿಸಬೇಕು, ತಪ್ಪಿದ ಭೇಟಿ ಅದೇ ವಾರದೊಳಗೆ ಆಗಬೇಕು. ಬೇಸಿಗೆಯಲ್ಲಿ ಸೋಲಾಪುರದಿಂದ ಬರುವ ತಂದೆಯ ರೈಲು ಒಂದು ತಾಸಿಗಿಂತ ತಡವಾದರೆ ಅದೇ ದಿನ ಸಂಜೆ ಆರಕ್ಕೆ, ತಾಯಿಯ ಮನೆಯ ಅಂಗಳದಲ್ಲಿ.