ಕಂಪ್ಯೂಟರ್ ಸಿಸ್ಟಂ ಆನ್ ಆಗ್ತಿಲ್ವಾ? ಮದರ್‌ಬೋರ್ಡ್ ಹೋಯ್ತು ಅನ್ನೋ ಮೊದ್ಲು ಎಸ್‌ಎಂಪಿಎಸ್ ನೋಡಿ

ಹೋದ ವರ್ಷ ಕಕ್ಕಡದಲ್ಲಿ (ಜುಲೈ-ಆಗಸ್ಟ್ ಹೊತ್ತು) ಕೊಡಗಿನ ನಾಪೋಕ್ಲು ಕಡೆ ಹಿಡಿದ ಮಳೆ ಬಿಡ್ಲೇ ಇಲ್ಲ, ಸಿಲ್ವರ್ ಮರ ಲೈನ್ ಮೇಲೆ ಬಿದ್ದು ನಾಲ್ಕು ದಿನ ಕರೆಂಟಿಲ್ಲ, ಐದನೇ ದಿನ ಸಂಜೆ ಬಂತು, ಬಂದು ಎರಡು ಮೂರು ಸಲ ಹೋಗಿ ಬಂದು ಮಾಡ್ತು, ಅಷ್ಟರಲ್ಲಿ ಚಿಕ್ಕಪ್ಪನ ಸಿಸ್ಟಂ ಸತ್ತೇ ಹೋಯ್ತು. ಬಟನ್ ಒತ್ತಿದ್ರೆ ಲೈಟೂ ಇಲ್ಲ ಫ್ಯಾನೂ ಇಲ್ಲ. ತೋಟದ ಲೆಕ್ಕ, ಕೆಲಸದವರ ಸಂಬಳದ ಪಟ್ಟಿ, ಕಾಫಿ ಮೆಣಸು ಮಾರಿದ್ದು ಎಲ್ಲಾ ಅದ್ರಲ್ಲೇ ಇರೋದು. ಪೇಟೆಯ ಒಂದು ಅಂಗಡಿಗೆ ಜೀಪಲ್ಲಿ ಹಾಕ್ಕೊಂಡು ಹೋದ್ರೆ ಅಲ್ಲಿ ಮೀಟರ್ ಕೂಡ ಇಡದೆ ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ, 18,000 ಆಗುತ್ತೆ ಅಂದ್ರಂತೆ. ಚಿಕ್ಕಪ್ಪ ಫೋನ್ ಮಾಡಿ "ಏನ್ ಮಾಡ್ಲಿ ಮಗಾ, ತಗೊಂಡ್ ಬಿಡ್ಲಾ" ಅಂದ್ರು. "ಬೇಡ ಚಿಕ್ಕಪ್ಪ, ವಾಪಸ್ ತಗೊಂಡ್ ಬನ್ನಿ, ಭಾನುವಾರ ಬಂದು ನೋಡ್ತೀನಿ" ಅಂದೆ. ನೋಡಿದ್ರೆ ಹೋಗಿದ್ದು ಎಸ್‌ಎಂಪಿಎಸ್ ಒಂದೇ (ಗೋಡೆ ಕರೆಂಟನ್ನ ಸಿಸ್ಟಂಗೆ ಬೇಕಾದ ಕಡಿಮೆ ವೋಲ್ಟ್ ಡಿಸಿ ಮಾಡಿ ಕೊಡೋ ಡಬ್ಬಾ), ಮೂರು ಸಾವಿರದೊಳಗೆ ಮುಗೀತು, ಅದೇ ಸಿಸ್ಟಂ ಇವತ್ತಿಗೂ ಓಡ್ತಿದೆ. ನಮ್ಮ ಕಡೆ ಎಷ್ಟು ಮನೇಲಿ ಹೀಗೆ ಒಳ್ಳೇ ಬೋರ್ಡ್ ಗುಜರಿಗೆ ಹೋಗಿದ್ಯೋ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಲಕ್ಷಣ. ಪೂರ್ತಿ ಸತ್ತಿದ್ರೆ ಅನುಮಾನ ಬರೋದು ಸುಲಭ, ಆದ್ರೆ ಎಸ್‌ಎಂಪಿಎಸ್ ಹೆಚ್ಚಾಗಿ ಒಂದೇ ದಿನ ಸಾಯಲ್ಲ, ನಿಧಾನಕ್ಕೆ ಹಾಳಾಗುತ್ತೆ. ಬೆಳಿಗ್ಗೆ ಚಳೀಲಿ ನಾಲ್ಕೈದು ಸಲ ಒತ್ತಿದ್ಮೇಲೆ ಆನ್ ಆಗೋದು, ಒಂದ್ಸಲ ಬಿಸಿ ಆದ್ಮೇಲೆ ಏನೂ ತೊಂದ್ರೆ ಕೊಡದೆ ಸಂಜೆವರೆಗೆ ಓಡೋದು, ಇದು ಒಳಗಿನ ಕೆಪ್ಯಾಸಿಟರ್ (ಕರೆಂಟ್ ತುಂಬಿಟ್ಕೊಳ್ಳೋ ಭಾಗ) ಒಣಗ್ತಿರೋ ಸೂಚನೆ. ಗೇಮ್ ಹಾಕಿದಾಗ, ವಿಡಿಯೋ ಎಡಿಟ್ ಮಾಡುವಾಗ ಅಂದ್ರೆ ಲೋಡ್ ಬಿದ್ದಾಗಷ್ಟೇ ಪಟಕ್ ಅಂತ ರೀಸ್ಟಾರ್ಟ್ ಆಗೋದು, ಹಿಂದಿನಿಂದ ಸುಟ್ಟ ವಾಸನೆ ಬರೋದು, ಕಿಯ್ಯ್ ಅನ್ನೋ ಸದ್ದು, ಇವೆಲ್ಲ ಅದೇ ಕಡೆ ಬೆರಳು ತೋರ್ಸುತ್ತೆ. ಆದ್ರೆ ಎಲ್ಲಾದಕ್ಕೂ ಎಸ್‌ಎಂಪಿಎಸ್‌ನೇ ದೂರಬೇಡಿ. ಫ್ಯಾನ್ ತಿರುಗಿ ಬೀಪ್ ಬೀಪ್ ಅಂದ್ರೆ ಮೊದ್ಲು ರ‍್ಯಾಮ್ ತೆಗೆದು ಒರೆಸಿ ಹಾಕಿ, ಮಳೆಗಾಲದ ತೇವಕ್ಕೆ ಅದರ ಕಾಂಟ್ಯಾಕ್ಟ್ ಕೆಡೋದು ನಮ್ಮಲ್ಲಿ ಮಾಮೂಲು. ಪ್ರತಿ ಸಲ ಟೈಮು ಡೇಟು ಹಿಂದೆ ಹೋಗ್ತಿದ್ರೆ ಬೋರ್ಡ್ ಮೇಲಿರೋ ಸಿಆರ್2032 ಸೆಲ್ ಮುಗಿದಿದೆ ಅಷ್ಟೆ. ಆನ್ ಆಗಿ ಹತ್ತು ನಿಮಿಷಕ್ಕೆ ಆಫ್ ಆದ್ರೆ ಪ್ರೊಸೆಸರ್ ಫ್ಯಾನಲ್ಲಿ ಧೂಳು ಕೂತಿದೆಯಾ ನೋಡಿ.

ಕ್ಯಾಬಿನೆಟ್ ಬಿಚ್ಚೋ ಮೊದ್ಲು ಹೊರಗಿಂದು ಮುಗಿಸಿ. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಗೋಡೆ ಪಾಯಿಂಟಿಗೆ ಹಾಕಿ, ಅದೇ ಪಾಯಿಂಟಲ್ಲಿ ಮೊಬೈಲ್ ಚಾರ್ಜ್ ಆಗುತ್ತಾ ನೋಡಿ, ಎಸ್‌ಎಂಪಿಎಸ್ ಹಿಂದೆ ಇರೋ ಪುಟ್ಟ ಸ್ವಿಚ್ ಆನ್ ಇದೆಯಾ ನೋಡಿ (ಗುಡಿಸುವಾಗ ಕೈ ತಗುಲಿ ಆಫ್ ಆಗಿರುತ್ತೆ). ಹೆಚ್ಚಿನ ಮಾನಿಟರಿಗೂ ಸಿಪಿಯುಗೂ ಒಂದೇ ತರ ಪವರ್ ಕಾರ್ಡ್, ಅದಲು ಬದಲು ಮಾಡಿದ್ರೆ ಕಾರ್ಡ್ ಹೋಗಿದ್ಯಾ ಇಲ್ವಾ ಅಂತ ಒಂದು ಪೈಸೆ ಖರ್ಚಿಲ್ದೆ ಗೊತ್ತಾಗುತ್ತೆ.

ಈಗ ಸೇಫ್ಟಿ, ಇದನ್ನ ಹಾರಿಸ್ಕೊಂಡು ಓದಬೇಡಿ. ಎಸ್‌ಎಂಪಿಎಸ್ ಡಬ್ಬಾನ ಯಾವ ಕಾರಣಕ್ಕೂ ಬಿಚ್ಚಬಾರದು. ನಮ್ಮ 230 ವೋಲ್ಟ್ ಎಸಿ ಒಳಗೆ ಹೋಗಿ ಡಿಸಿ ಆದಾಗ ದೊಡ್ಡ ಕೆಪ್ಯಾಸಿಟರಲ್ಲಿ 325 ವೋಲ್ಟ್ ಹತ್ರ ನಿಂತಿರುತ್ತೆ, ಪ್ಲಗ್ ಕಿತ್ತಮೇಲೂ ಅದು ತಕ್ಷಣ ಹೋಗಲ್ಲ, ಜೀವ ತೆಗೆಯೋಕೆ ಸಾಕು. ನಾವು ಮುಟ್ಟೋದು ಅದ್ರಿಂದ ಹೊರಗೆ ಬಂದಿರೋ ವೈರ್ ಮಾತ್ರ. ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡ್ಕೊಳ್ಳಿ, ಕೈ ಒಣಗಿರ್ಲಿ, ಕಾಲಲ್ಲಿ ಚಪ್ಪಲಿ ಇರ್ಲಿ, ಗುಡುಗು ಮಿಂಚು ಇದ್ರೆ ಆ ಕೆಲಸ ಅವತ್ತು ಬೇಡ.

ಟೆಸ್ಟಿಗೆ ಬೇಕಾಗಿದ್ದು ಒಂದು ಪೇಪರ್ ಕ್ಲಿಪ್ಪು, ಒಂದು ಮಾಮೂಲಿ ಮಲ್ಟಿಮೀಟರ್. ಬೋರ್ಡಿಗೆ ಹೋಗಿರೋ ಅಗಲದ 24 ಪಿನ್ ಕನೆಕ್ಟರ್ ಕಿತ್ಕೊಳ್ಳಿ, ಡ್ರೈವು ಪ್ರೊಸೆಸರಿಗೆ ಹೋಗಿರೋದೂ ಕಿತ್ತಿಡಿ, ಒಂದು ಹಳೇ ಹಾರ್ಡ್ ಡಿಸ್ಕ್ ಮಾತ್ರ ಲೋಡಿಗೆ ಅಂತ ಹಾಗೇ ಬಿಡಿ. ಮೊದ್ಲು ಕ್ಲಿಪ್ ಹಾಕದೇ ಪ್ಲಗ್ ಹಾಕಿ, ಮೀಟರನ್ನ ಡಿಸಿ 20ಕ್ಕೆ ತಿರುಗಿಸಿ ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ನೇರಳೆ ವೈರಿಗೆ ಇಡಿ. ಅಲ್ಲಿ 5 ವೋಲ್ಟ್ ಇರ್ಬೇಕು, ಇದು ಸ್ಟ್ಯಾಂಡ್‌ಬೈ ಸಪ್ಲೈ, ಸಿಸ್ಟಂ ಆಫ್ ಇದ್ರೂ ಬರ್ತಿರುತ್ತೆ, ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗೋದೇ ಇದ್ರಿಂದ. ಚಿಕ್ಕಪ್ಪನ ಸಿಸ್ಟಮಲ್ಲಿ ಇಲ್ಲೇ ಉತ್ತರ ಸಿಕ್ತು, ಮೀಟರಲ್ಲಿ 0.3 ಅಂತ ಬಂದು ನಿಂತ್ಬಿಡ್ತು, ಕಡ್ಡಿ ಒತ್ತಿ ಹಿಡಿದ್ರೂ ಮೇಲೆ ಹೋಗ್ಲಿಲ್ಲ. ಬೋರ್ಡಿಗೆ ಸ್ಟ್ಯಾಂಡ್‌ಬೈನೇ ಇಲ್ಲ ಅಂದ್ಮೇಲೆ ಆ ಬಟನ್ ಎಷ್ಟು ಒತ್ತಿದ್ರೆ ಏನು ಬಂತು?

ನೇರಳೆ ಸರಿ ಇದ್ರೆ ಪ್ಲಗ್ ಕಿತ್ತು, ಪೇಪರ್ ಕ್ಲಿಪ್ಪನ್ನ ಯು ತರ ಬಗ್ಗಿಸಿ ಒಂದು ತುದಿ ಹಸಿರು ವೈರಿನ ಪಿನ್ನಿಗೆ, ಇನ್ನೊಂದು ಪಕ್ಕದ ಕಪ್ಪಿಗೆ ತೂರಿಸಿ, ಕೈ ತೆಗೆದು ಆಮೇಲೆ ಪ್ಲಗ್ ಹಾಕಿ. ಹಸಿರು ವೈರ್ ಗ್ರೌಂಡಿಗೆ (ಅಂದ್ರೆ ಕಪ್ಪು ವೈರಿಗೆ) ಸೇರಿದ್ರೆ ಎಸ್‌ಎಂಪಿಎಸ್ ಆನ್ ಆಗ್ಬೇಕು, ಫ್ಯಾನ್ ತಿರುಗ್ಬೇಕು. ಹೊಸ ಮಾಡೆಲಲ್ಲಿ ಎಲ್ಲಾ ವೈರ್ ಕಪ್ಪೇ ಇರುತ್ತೆ, ಅಲ್ಲಿ ಬಣ್ಣದ ಲೆಕ್ಕ ನಡೆಯಲ್ಲ, ಹಸಿರಿನ ಜಾಗ 16ನೇ ಪಿನ್, ಪಕ್ಕದ ಗ್ರೌಂಡ್ 17, ಮ್ಯಾನ್ಯುಯಲ್ ಚಿತ್ರ ನೋಡಿ ಗ್ಯಾರಂಟಿ ಆದ್ಮೇಲೆ ಮಾತ್ರ ಹಾಕಿ. ಈಗ ಅಳತೆ: ಹಳದಿ 11.4ರಿಂದ 12.6ರೊಳಗೆ, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47, ಬೂದು ಬಣ್ಣದ್ದು 5ರ ಹತ್ರ. ಇದ್ರಾಚೆ ಹೋದ್ರೆ ಎಸ್‌ಎಂಪಿಎಸ್ ಬದಲಾಯಿಸ್ಲೇಬೇಕು.

ಇಲ್ಲಿ ಸುಮಾರು ಜನ ಎಡವ್ತಾರೆ. ಕ್ಲಿಪ್ ಟೆಸ್ಟಲ್ಲಿ ಫ್ಯಾನ್ ತಿರುಗಿದ ಕೂಡ್ಲೇ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ತೀರ್ಮಾನ ಮಾಡ್ಬೇಡಿ, ಖಾಲಿ ಜೀಪು ಘಾಟಿ ಹತ್ತಿದ ಮಾತ್ರಕ್ಕೆ ಕಾಫಿ ಮೂಟೆ ಹೇರಿದ್ರೂ ಹತ್ತುತ್ತೆ ಅಂತ ಹೇಳೋಕಾಗಲ್ಲ. ಎಲ್ಲಾ ವಾಪಸ್ ಹಾಕಿ ಸಿಸ್ಟಂ ಆನ್ ಮಾಡಿ, ಏನಾದ್ರೂ ಭಾರದ ಕೆಲಸ ಕೊಟ್ಟು, ಖಾಲಿ ಇರೋ ನಾಲ್ಕು ಪಿನ್ ಮೊಲೆಕ್ಸ್ ಕನೆಕ್ಟರಲ್ಲಿ ಹಳದಿ ಮತ್ತು ಕಪ್ಪಿನ ಮಧ್ಯೆ ಅಳೀರಿ. ಖಾಲಿ ಇದ್ದಾಗ 12.1 ಇದ್ದಿದ್ದು ಲೋಡಲ್ಲಿ 11.2ಕ್ಕೆ ಇಳಿದ್ರೆ ನಿಮ್ಮ ರೀಸ್ಟಾರ್ಟ್ ಕಾಯಿಲೆಗೆ ಕಾರಣ ಸಿಕ್ತು.

ಹೊಸದು ತಗೊಳ್ಳುವಾಗ ಡಬ್ಬಾ ಮೇಲಿನ ದೊಡ್ಡ ಅಕ್ಷರದ ವ್ಯಾಟ್ ನಂಬ್ಬೇಡಿ, ಪಕ್ಕದ ಸ್ಟಿಕ್ಕರಲ್ಲಿ 12 ವೋಲ್ಟ್ ಎದುರಿಗೆ ಎಷ್ಟು ಆಂಪಿಯರ್ ಅಂತ ಓದಿ. 30 ಆಂಪಿಯರ್ ಇದ್ರೆ 360 ವ್ಯಾಟ್, ಬರೀ 16 ಇದ್ರೆ 192 ವ್ಯಾಟ್, ಹೊರಗೆ 450 ಅಂತ ಬರೆದಿದ್ರೂ ಅಷ್ಟೇ, ಯಾಕಂದ್ರೆ ಈಗಿನ ಪ್ರೊಸೆಸರು ಗ್ರಾಫಿಕ್ಸ್ ಕಾರ್ಡು ತಿನ್ನೋದೆಲ್ಲಾ 12ರಿಂದಾನೇ. ಲೆಕ್ಕಪತ್ರ, ಇಂಟರ್ನೆಟ್ಟು, ಮಕ್ಕಳ ಓದು ಅಂದ್ರೆ 80 ಪ್ಲಸ್ ಗುರುತಿರೋ (ಕರೆಂಟ್ ಕಡಿಮೆ ಪೋಲು ಮಾಡುತ್ತೆ ಅನ್ನೋ ಗುರುತು) ಒಳ್ಳೇ 450 ವ್ಯಾಟ್ ಧಾರಾಳ, ಗ್ರಾಫಿಕ್ಸ್ ಕಾರ್ಡಿದ್ರೆ ಆ ಕಾರ್ಡಿನವರು ಹೇಳಿದಷ್ಟು. ಬ್ರ್ಯಾಂಡೆಡ್ ಆಫೀಸ್ ಸಿಸ್ಟಂ ಆದ್ರೆ ಹುಷಾರು, ಕೆಲವದ್ರಲ್ಲಿ ಎಸ್‌ಎಂಪಿಎಸ್ ಸೈಜೂ ಕನೆಕ್ಟರೂ ಅವರದ್ದೇ ಬೇರೆ, ಹಳೇದನ್ನೇ ಕೈಲಿ ಹಿಡ್ಕೊಂಡು ಹೋಗಿ ಹೋಲಿಸಿ ತನ್ನಿ.

ಬದಲಾಯಿಸೋದು ಅರ್ಧ ಗಂಟೆ ಕೆಲಸ. ಬಿಚ್ಚೋ ಮೊದ್ಲು ನಾಲ್ಕು ಕಡೆಯಿಂದ ಫೋಟೋ ಹೊಡ್ಕೊಳ್ಳಿ. 24 ಪಿನ್ನು, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನು, ಡ್ರೈವಿನ ಸಾಟಾ ವೈರು, ಎಲ್ಲಾ ಕೊಕ್ಕೆ ಒತ್ತಿ ಹಿಡಿದು ಕನೆಕ್ಟರನ್ನೇ ಹಿಡಿದು ಎಳೀರಿ, ವೈರ್ ಹಿಡಿದು ಎಳೀಬೇಡಿ. ಹಿಂದಿನ ನಾಲ್ಕು ಸ್ಕ್ರೂ ತೆಗೆಯುವಾಗ ಎಸ್‌ಎಂಪಿಎಸ್ ಮೇಲ್ಗಡೆ ಇದ್ರೆ ಒಂದು ಕೈ ಅದರ ಕೆಳಗಿರ್ಲಿ, ಇಲ್ಲಾಂದ್ರೆ ಬೋರ್ಡ್ ಮೇಲೆ ಬೀಳುತ್ತೆ. ಹೊಸದನ್ನ ಕೂರಿಸುವಾಗ ಕೆಳಗೆ ತೂತಿರೋ ಕ್ಯಾಬಿನೆಟ್ ಆದ್ರೆ ಫ್ಯಾನ್ ಕೆಳಮುಖ. ಪ್ರೊಸೆಸರಿನ 8 ಪಿನ್ನೂ ಗ್ರಾಫಿಕ್ಸ್ ಕಾರ್ಡಿನ 6+2 ಪಿನ್ನೂ ನೋಡೋಕೆ ಒಂದೇ ತರ, ಪ್ಲಸ್ಸು ಗ್ರೌಂಡು ಉಲ್ಟಾ ಇರುತ್ತೆ, ಹೋಗ್ತಿಲ್ಲ ಅಂತ ಬಲವಂತ ಮಾಡ್ಬೇಡಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕೋಕಾಗೋದು) ಆಗಿದ್ರೆ ಹಳೇ ಕೇಬಲ್ ಉಳಿಸಿ ಹೊಸದಕ್ಕೆ ಚುಚ್ಚಲೇಬೇಡಿ, ಕಂಪನಿಯಿಂದ ಕಂಪನಿಗೆ ಪಿನ್ ಜೋಡಣೆ ಬೇರೆ, ಹಾರ್ಡ್ ಡಿಸ್ಕ್ ಸುಟ್ಟು ಹೋಗುತ್ತೆ. ಹಿಂದೆ 115/230 ಸ್ವಿಚ್ ಇದ್ರೆ 230ಕ್ಕೇ ಇದೆಯಾ ನೋಡಿ ಪ್ಲಗ್ ಹಾಕಿ.

ಹಾಕಿದ್ದಾಯ್ತು, ಆದ್ರೆ ಹಳೇದು ಯಾಕೆ ಹೋಯ್ತು ಅಂತ ಹುಡುಕದಿದ್ರೆ ಇದೂ ಹೋಗುತ್ತೆ. ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತಾ? ಎಸ್‌ಎಂಪಿಎಸ್ ಒಳಗೆ ಕರೆಂಟ್ ಬರೋ ಬಾಗಿಲಲ್ಲೇ ಎರಡು ಚಿಕ್ಕ ಕೆಪ್ಯಾಸಿಟರ್ ಫೇಸ್, ನ್ಯೂಟ್ರಲ್ ಎರಡನ್ನೂ ತಗಡಿನ ಬಾಡಿ ಜೊತೆ ಸೇರಿಸಿರುತ್ತೆ, ಅರ್ಥಿಂಗ್ ಇಲ್ದಿದ್ರೆ ಬಾಡಿ ಮೇಲೆ 115 ವೋಲ್ಟ್ ಹತ್ರ ತೇಲ್ತಿರುತ್ತೆ. ಅಂದ್ರೆ ಜುಂ ಅಂದ್ರೆ ಎಸ್‌ಎಂಪಿಎಸ್ ಕೆಟ್ಟಿದೆ ಅಂತಲ್ಲ, ಹೆಚ್ಚಾಗಿ ಮನೆ ಅರ್ಥಿಂಗ್ ಸತ್ತಿರುತ್ತೆ. ಗೊತ್ತಿರೋ ವೈರ್‌ಮ್ಯಾನ್ ಕರೆಸಿ ನೋಡ್ಸಿ. ಮಳೆಗಾಲದಲ್ಲಿ ನೆಲ ಹಸಿ ಇದ್ದು ಸರಿ ಇರೋ ಅರ್ಥಿಂಗು ಮಾರ್ಚಲ್ಲಿ ಮಣ್ಣು ಒಣಗಿದಾಗ ಕೈ ಕೊಡುತ್ತೆ, ಕಾಫಿ ಹೂ ಅರಳಿಸೋ ಹೂಮಳೆ ಜೊತೆ ಸಿಡಿಲು ಬರೋದೂ ಅದೇ ಹೊತ್ತಿಗೆ, ಅದಕ್ಕೆ ಅರ್ಥ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ. ಸಿಡಿಲು ಶುರುವಾದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡ್ಬೇಕು.

ಇನ್ವರ್ಟರಲ್ಲಿ ಓಡಿಸೋರು ಅದರ ಹಿಂದೆ ಇರೋ ಸ್ವಿಚ್ಚನ್ನ ಯುಪಿಎಸ್ ಮೋಡಿಗೆ ಹಾಕಿ, ಫುಲ್ ಲೋಡಲ್ಲಿ ಎಸ್‌ಎಂಪಿಎಸ್ ಕರೆಂಟಿಲ್ದೆ ತಡ್ಕೊಳ್ಳೋದು ಸುಮಾರು 16 ಮಿಲಿಸೆಕೆಂಡ್ ಅಷ್ಟೇ, ನಾರ್ಮಲ್ ಮೋಡಲ್ಲಿ ಇನ್ವರ್ಟರ್ ಅದಕ್ಕಿಂತ ತಡ ಮಾಡಿ ಬರುತ್ತೆ. ಮಳೆಗಾಲದಲ್ಲಿ ಕೆಲಸ ಇಲ್ದಿದ್ರೂ ದಿನಕ್ಕೊಂದು ಗಂಟೆ ಸಿಸ್ಟಂ ಆನ್ ಇಟ್ರೆ ಒಳಗಿನ ತೇವ ಆರುತ್ತೆ. ಕ್ಯಾಬಿನೆಟ್ ಹಿಂದೆ ಖಾಲಿ ಇರೋ ಸ್ಲಾಟಿಗೆಲ್ಲಾ ತಗಡಿನ ಪಟ್ಟಿ ಹಾಕಿ ಮುಚ್ಚಿ. ಚಿಕ್ಕಪ್ಪನ ಹಳೇ ಎಸ್‌ಎಂಪಿಎಸ್ ತೆಗೆದು ಅಲ್ಲಾಡಿಸಿದಾಗ ಫ್ಯಾನ್ ಜಾಲರಿಯಿಂದ ಎರಡು ಹಲ್ಲಿ ಮೊಟ್ಟೆ ಉರುಳಿ ಬಿತ್ತು, ಒಂದು ಒಡೆದಿತ್ತು, ಮರಿ ಆ ಸ್ಲಾಟಿನ ಹತ್ರಾನೇ ಓಡಾಡ್ತಿತ್ತು.